ಕಡಲಡಿಯ ದಾರಿಯ ರಾತ್ರಿ ರೈಲು

ಟೋಕಿಯೊದ ಉಯೆನೊ ನಿಲ್ದಾಣದಿಂದ ಹೊಕ್ಕೈಡೊ ದ್ವೀಪದ ಸಪ್ಪೊರೊವರೆಗೆ ಓಡುತ್ತಿದ್ದ ‘ಹೊಕುತೊಸೆಯ್’ ಜಪಾನಿನ ಹೆಸರಾಂತ ಸ್ಲೀಪರ್ ರೈಲುಗಳಲ್ಲೊಂದು. ಸುಮಾರು 1,215 ಕಿ.ಮೀ. ದಾರಿ, ಹದಿನಾರು ಗಂಟೆಯ ಪಯಣ. ಹೊಕ್ಕೈಡೊಗೆ ಕಡಲಡಿಯಲ್ಲಿ ದಾರಿ ಮಾಡಿಕೊಟ್ಟ ಸೆಯ್ಕಾನ್ ಸುರಂಗ ಸಂಚಾರಕ್ಕೆ ತೆರೆದ 1988ರ ಮಾರ್ಚ್ 13ರಂದೇ ಈ ರೈಲೂ ಶುರುವಾಯಿತು. ಅಲ್ಲಿಯವರೆಗೆ ಪ್ರಯಾಣಿಕರು ಅಓಮೊರಿಯಲ್ಲಿ ರೈಲಿಳಿದು ಹಡಗು ಹತ್ತಿ, ನಾಲ್ಕು ಗಂಟೆಯಷ್ಟು ಕಾಲ ಕಡಲಲ್ಲಿ ಸಾಗಿ ಹಕೊದಾತೆ ಸೇರಬೇಕಿತ್ತು. 1954ರ ಚಂಡಮಾರುತದಲ್ಲಿ ಇದೇ ದಾರಿಯ ‘ತೋಯಾ ಮಾರು’ ಹಡಗು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಸುರಂಗದ ಯೋಜನೆ ಚುರುಕಾಯಿತು. 53.85 ಕಿ.ಮೀ. ಉದ್ದದ ಈ ಸುರಂಗದಲ್ಲಿ 23.3 ಕಿ.ಮೀ. ಕಡಲತಳದ ಕೆಳಗೇ ಇದೆ.

ರೈಲಿನ ನಿಜವಾದ ಸೊಗಸು ಎಂಜಿನ್‌ಗಳ ಬದಲಾವಣೆಯಲ್ಲಿತ್ತು. ಉಯೆನೊದಿಂದ ಕುರೊಇಸೊವರೆಗಿನ ತಂತಿಯಲ್ಲಿ 1,500 ವೋಲ್ಟ್ ನೇರ ವಿದ್ಯುತ್, ಅಲ್ಲಿಂದಾಚೆ 20,000 ವೋಲ್ಟ್ ಪರ್ಯಾಯ ವಿದ್ಯುತ್. ಎರಡನ್ನೂ ಬಳಸಬಲ್ಲ ಇಎಫ್81 ಎಂಜಿನ್ ರೈಲನ್ನು ಅಓಮೊರಿಗೆ ಮುಟ್ಟಿಸುತ್ತಿತ್ತು. ಸುರಂಗದೊಳಗಿನ ಉದ್ದನೆಯ ಇಳಿಜಾರು, ಏರುಗಳಿಗೆ ಇಡಿ79 ಹೆಗಲು ಕೊಡುತ್ತಿತ್ತು. ಹಕೊದಾತೆಯಿಂದ ಮುಂದೆ ತಂತಿಯಿಲ್ಲದ ಹಳಿಯೂ ಇದ್ದುದರಿಂದ ಡಿಡಿ51 ಡೀಸೆಲ್ ಎಂಜಿನ್‌ಗಳ ಜೋಡಿ ಸಪ್ಪೊರೊವರೆಗೂ ಎಳೆಯುತ್ತಿತ್ತು. ಅಓಮೊರಿ, ಹಕೊದಾತೆ ಎರಡರಲ್ಲೂ ರೈಲಿನ ದಿಕ್ಕೇ ತಿರುಗುತ್ತಿತ್ತು. ಇಷ್ಟಾದರೂ ಬೋಗಿಗಳಲ್ಲಿ ದೀಪ ಆರುತ್ತಿರಲಿಲ್ಲ, ಏಕೆಂದರೆ ದೀಪಕ್ಕೂ ಹವಾನಿಯಂತ್ರಣಕ್ಕೂ ಬೇಕಾದ ಕರೆಂಟನ್ನು ರೈಲಿನ ಜೊತೆಗೇ ಸಾಗುವ ಡೀಸೆಲ್ ಜನರೇಟರ್ ಬೋಗಿ ಒದಗಿಸುತ್ತಿತ್ತು. ಊಟದ ಬೋಗಿಗಳು ಹಳೆಯ ಎಕ್ಸ್‌ಪ್ರೆಸ್ ವಿದ್ಯುತ್ ರೈಲುಗಳಿಂದ ಬಂದವು. ಸಾಲಿನಲ್ಲಿ ಅವುಗಳ ತಗ್ಗು ಚಾವಣಿ ಎದ್ದು ಕಾಣುತ್ತಿತ್ತು.

ದಿನಕ್ಕೆ ಮೂರು ಜೋಡಿಯವರೆಗೆ ಓಡಿದ ಸೇವೆ 1999ರಲ್ಲಿ ಎರಡಕ್ಕೆ, 2008ರಲ್ಲಿ ಒಂದಕ್ಕೆ ಇಳಿಯಿತು. ವಿಮಾನದ ಪೈಪೋಟಿ, ಬೋಗಿಗಳ ಮುಪ್ಪು ಇದ್ದೇ ಇದ್ದವು. ಕೊನೆಯ ಪೆಟ್ಟು ಬಿದ್ದದ್ದು ಮಾತ್ರ ಸುರಂಗದಿಂದಲೇ. ಬುಲೆಟ್ ರೈಲಿಗೂ ಸಾಲುವಂತೆ ಮೊದಲೇ ಅಗೆದಿದ್ದ ಆ ಹಾದಿಗೆ 2016ರ ಮಾರ್ಚ್‌ನಲ್ಲಿ ಶಿಂಕಾನ್ಸೆನ್ ಬಂತು. ಮೂರನೆಯ ಹಳಿ ಹಾಕಿದ್ದರಿಂದ ಹಳಿಯ ಅಗಲ ಹಳೆಯ ರೈಲಿಗೆ ಅಡ್ಡಿಯಾಗುತ್ತಿರಲಿಲ್ಲ. ಆದರೆ ತಂತಿಯ ವೋಲ್ಟೇಜ್ 25,000ಕ್ಕೆ ಏರಿತು, ಸಿಗ್ನಲ್ ವ್ಯವಸ್ಥೆಯೂ ಬದಲಾಯಿತು. ಇಡಿ79 ಅಲ್ಲಿ ಓಡುವಂತಿರಲಿಲ್ಲ. ಸರಕು ರೈಲುಗಳಿಗೆಂದು ಇಎಚ್800 ಎಂಬ ಹೊಸ ಎಂಜಿನ್ ಕಟ್ಟಿದರು, ಹೊಕುತೊಸೆಯ್‌ಗೆ ಆ ಭಾಗ್ಯ ಸಿಗಲಿಲ್ಲ. ಶಿಂಕಾನ್ಸೆನ್ ಬರುವ ಮೊದಲೇ, 2015ರ ಮಾರ್ಚ್‌ನಲ್ಲಿ, ಅದರ ನಿತ್ಯದ ಓಟ ನಿಂತಿತು. ವಿಶೇಷ ರೈಲಾಗಿ ಇನ್ನಷ್ಟು ತಿಂಗಳು ಓಡಿ, ಆಗಸ್ಟ್ 22ರಂದು ಕೊನೆಯ ಬಾರಿ ಉಯೆನೊ ತಲುಪಿತು.

ಇಂದು ಜಪಾನಿನಲ್ಲಿ ನಿತ್ಯ ಓಡುವ ಸ್ಲೀಪರ್ ರೈಲುಗಳೆಂದರೆ ‘ಸನ್‌ರೈಸ್’ ಹೆಸರಿನ ಜೋಡಿ ಮಾತ್ರ. ಅವುಗಳ ಬೋಗಿಗಳಲ್ಲೇ ಮೋಟರ್‌ಗಳಿವೆ, ದಾರಿಯುದ್ದಕ್ಕೂ ಒಂದೇ ಬಗೆಯ ವಿದ್ಯುತ್ತಿದೆ; ಎಂಜಿನ್ ಬದಲಿಸುವ ಪ್ರಮೇಯವೇ ಇಲ್ಲ.