ಸೆಕೆಗಾಲದಲ್ಲಿ ಗೋಸುಂಬೆ

ತುಮಕೂರಿನ ಬೇಸಿಗೆಯ ಧಗೆಯಲ್ಲಿ
ಗೋಸುಂಬೆ ತನ್ನ ಮೈಯನ್ನು ತಂಪಾಗಿಟ್ಟುಕೊಳ್ಳುವುದು ಹೇಗೆ?

ಗುಬ್ಬಿ, ಕುಣಿಗಲ್‌ ಕಡೆಯ ಬೇಲಿಸಾಲುಗಳಲ್ಲಿ ಬದುಕುವ ಇದು ಶೀತರಕ್ತ ಪ್ರಾಣಿ,
ಅಂದರೆ ಮೈಶಾಖಕ್ಕೆ ಹೊರಗಿನ ಹವೆಯನ್ನೇ ನೆಚ್ಚಿದ ಜೀವಿಯಾದ್ದರಿಂದ,
ಬೆಳಗಿನ ತಂಪಿನಲ್ಲಿ ಮೈ ಕಪ್ಪಾಗಿಸಿ ಎಳೆಬಿಸಿಲನ್ನು ಹೀರಿಕೊಂಡು,
ನಡುಹಗಲಿಗೆ, ಬಿಳಿ ಪಂಚೆಯುಟ್ಟ ರೈತನಂತೆ,
ಬಣ್ಣವನ್ನು ತಿಳಿಯಾಗಿಸಿ ಎಲೆಗಳ ನೆರಳು ಸೇರುತ್ತದೆ.

ಅದೂ ಸಾಲದಾದಾಗ ಬಾಯಿ ತೆರೆದು,
ಒಳಗಿನ ತೇವ ಆವಿಯಾಗುವಂತೆ ಮಾಡಿ ಶಾಖ ಕಳೆಯುತ್ತದೆ.
ಬಟ್ಟಲಿನಲ್ಲಿ ನಿಂತ ನೀರಿಗೆ ಸಾಮಾನ್ಯವಾಗಿ ಬಾಯಿಡದೆ,
ಎಲೆಯ ತುದಿಯಲ್ಲಿ ತೂಗುವ ಇಬ್ಬನಿಯನ್ನೋ ಮಳೆಹನಿಯನ್ನೋ ನೆಕ್ಕುತ್ತದೆ.

ಸಾಕಲೆಂದು ಹಿಡಿದಿಟ್ಟರೆ, ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಈ ಅನುಕೂಲಗಳಿರುವುದಿಲ್ಲ;
ಮೇಲಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ
ನಮ್ಮ ನಾಡಿನ ಗೋಸುಂಬೆಯನ್ನು ಹಿಡಿದು ಸಾಕುವುದು ಅಪರಾಧ.

ಹೀಗಾಗಿ ಅದಕ್ಕೆ ಹಿತವಾದ ಮನೆ ಒಂದೇ:
ಕಡಿಯದೆ ಉಳಿಸಿದ ಹಸಿರು ಬೇಲಿ.