ಪಿಯಾನೊದಲ್ಲೊಂದು ನೊಣ

ಮಕ್ಕಳೇ, ನೀವು ಹಾರ್ಮೋನಿಯಂ ನೋಡಿರಬಹುದು. ಅದರ ಕಪ್ಪು, ಬಿಳಿ ಮನೆಗಳನ್ನು ಒತ್ತಿದರೆ ಸ್ವರಗಳು ಹೊರಡುತ್ತವೆ. ಪಿಯಾನೊ ಕೂಡ ಅಂಥದೇ ಮನೆಗಳುಳ್ಳ ದೊಡ್ಡ ವಾದ್ಯ. ಆದರೆ ಇದಕ್ಕೆ ಗಾಳಿ ಹಾಕಬೇಕಾಗಿಲ್ಲ. ಇದರೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ತಂತಿಗಳಿವೆ. ಮನೆಯನ್ನು ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಸಾಮಾನ್ಯವಾಗಿ ಪಿಯಾನೊದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಮನೆಗಳಿರುತ್ತವೆ. ಅದನ್ನು ಎರಡೂ ಕೈಗಳಿಂದ ನುಡಿಸುತ್ತಾರೆ.

ಪಿಯಾನೊ ನುಡಿಸುವವರೆಲ್ಲರೂ ದೊಡ್ಡ ಕಲಾವಿದರೇನಲ್ಲ. ಹಗಲಿಡೀ ಬೇರೆ ಉದ್ಯೋಗ ಮಾಡಿ, ಸಂಜೆ ಸಂತೋಷಕ್ಕಾಗಿ ನುಡಿಸುವವರೂ ಇದ್ದಾರೆ. ಅವರನ್ನು ಹವ್ಯಾಸಿಗಳು ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಹೊಸ ಸಂಗೀತವೆಂದರೆ ಅವರಲ್ಲಿ ಅನೇಕರಿಗೆ ಅಳುಕು. ಅದರಲ್ಲಿ ಪಕ್ಕಪಕ್ಕದ ಸ್ವರಗಳು ಒಟ್ಟಿಗೆ ಮೊಳಗಿ ಕಿವಿಗೆ ಒರಟಾಗಿ ಕೇಳಿಸಬಹುದು. ಲಯವೂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹಾಗಾದರೆ ಅದನ್ನು ಕಲಿಯುವುದು ಹೇಗೆ?

ಇದಕ್ಕೆ ಹಂಗೆರಿ ದೇಶದ ಬೇಲಾ ಬಾರ್ಟೋಕ್ (1881–1945) ಒಂದು ದಾರಿ ತೋರಿಸಿದರು. ಹಳ್ಳಿಹಳ್ಳಿ ಸುತ್ತಿ ರೈತರ ಹಾಡುಗಳನ್ನು ಸಂಗ್ರಹಿಸಿದ ಸಂಗೀತಗಾರರು ಇವರು. 1926ರಿಂದ 1939ರವರೆಗೆ ಪಿಯಾನೊಗಾಗಿ 153 ಪುಟ್ಟ ರಚನೆಗಳನ್ನು ಮಾಡಿದರು. ಅವು 1940ರಲ್ಲಿ ಆರು ಸಂಪುಟಗಳಾಗಿ ಪ್ರಕಟವಾದವು. ಈ ಸಂಗ್ರಹದ ಹೆಸರು 'ಮಿಕ್ರೊಕೋಸ್ಮೋಸ್'. ಹಾಗೆಂದರೆ ಪುಟ್ಟ ಜಗತ್ತು. ಮೊದಲ ಎರಡು ಸಂಪುಟಗಳನ್ನು ಅವರು ತಮ್ಮ ಮಗ ಪೀಟರ್‌ಗೆ ಅರ್ಪಿಸಿದ್ದಾರೆ.

ಮೊದಲ ರಚನೆಗಳು ಬಹಳ ಸುಲಭ. ಎರಡೂ ಕೈಗಳಿಗೆ ಒಂದೇ ರಾಗ. ಮುಂದೆ ಹೋದಂತೆ ಬಲಗೈಗೆ ಒಂದು, ಎಡಗೈಗೆ ಇನ್ನೊಂದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರೆ ಕೊನೆಯ ಸಂಪುಟದ ಕಷ್ಟದ ರಚನೆಗಳು ಎದುರಾಗುತ್ತವೆ.

ಅವುಗಳಲ್ಲಿ 142ನೆಯದು 'ನೊಣದ ದಿನಚರಿಯಿಂದ'. ಇಲ್ಲಿ ಎರಡು ಕೈಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಓಡಾಡುತ್ತವೆ. ಹವ್ಯಾಸಿಯೊಬ್ಬರು ಇದನ್ನು ಒಂದೇ ದಿನದಲ್ಲಿ ಕಲಿಯಲಾರರು. ಮೊದಲು ಒಂದೇ ಸಾಲನ್ನು ಆರಿಸಿಕೊಳ್ಳಬೇಕು. ಬಲಗೈಯಿಂದ ನಿಧಾನವಾಗಿ ನುಡಿಸಬೇಕು. ಆಮೇಲೆ ಎಡಗೈ. ಎರಡೂ ಪಳಗಿದ ಮೇಲೆ ಜೊತೆಗೂಡಿಸಬೇಕು. ಬೆರಳು ತಡವರಿಸಿದ ಕಡೆ ಆ ತುಣುಕನ್ನು ಮಾತ್ರ ಮತ್ತೆ ಮತ್ತೆ ನುಡಿಸಬೇಕು. ವೇಗ ಕೊನೆಯಲ್ಲಿ ಬರಲಿ.

ಬೆರಳು ಕಲಿತರೆ ಸಾಕೇ? ಸಾಲದು. ಇದರಲ್ಲಿ ಒಂದು ಕಥೆಯಿದೆ. ನೊಣ ಗುಂಯ್ ಎಂದು ಹಾರುತ್ತದೆ, ಜೇಡರ ಬಲೆಗೆ ಸಿಕ್ಕಿ ಒದ್ದಾಡುತ್ತದೆ, ಕೊನೆಗೆ ತಪ್ಪಿಸಿಕೊಳ್ಳುತ್ತದೆ. ಇದು ತಿಳಿದ ಮೇಲೆ ಒರಟು ಸ್ವರಗಳು ಒರಟೆನಿಸುವುದಿಲ್ಲ. ಅವೇ ನೊಣದ ರೆಕ್ಕೆಯ ಸದ್ದು! ಯಾವ ಸ್ವರ, ಎಷ್ಟು ವೇಗ ಎಂಬುದನ್ನು ಕಾಗದ ಹೇಳುತ್ತದೆ. ನೊಣದ ಭಯ ಎಷ್ಟು, ಬಿಡುಗಡೆಯ ಸಂತೋಷ ಎಷ್ಟು ಎಂಬುದನ್ನು ನುಡಿಸುವವರೇ ಯೋಚಿಸಬೇಕು. ಆದ್ದರಿಂದಲೇ ಒಂದೇ ರಚನೆಯನ್ನು ಇಬ್ಬರು ನುಡಿಸಿದರೆ ಎರಡು ಬಗೆಯಾಗಿ ಕೇಳಿಸುತ್ತದೆ.

ಸಂಗ್ರಹದ ಕೊನೆಯ ಆರು ರಚನೆಗಳು ಬಲ್ಗೇರಿಯ ದೇಶದ ಲಯದ ಕುಣಿತಗಳು. ಅವುಗಳಲ್ಲಿ 149ನೆಯದಕ್ಕೆ ಏಳು ಎಣಿಕೆ: ಎರಡು, ಎರಡು, ಮೂರು. ಏಳು ಎಣಿಕೆ ನಮಗೇನೂ ಹೊಸತಲ್ಲ. ನಮ್ಮ ಮಿಶ್ರಛಾಪು ತಾಳದಲ್ಲಿಯೂ ಏಳೇ: ತಕಿಟ, ತಕಧಿಮಿ. ಅಲ್ಲಿ ಮೂರು ಮತ್ತು ನಾಲ್ಕು. ಈಗ ಬಾರ್ಟೋಕರ ಏಳನ್ನು ನೀವೂ ಚಪ್ಪಾಳೆ ತಟ್ಟಿ ಹೇಳಿ: ತಕ, ತಕ, ತಕಿಟ. ಮೊದಲು ನಿಧಾನವಾಗಿ. ಆಮೇಲೆ ಬೇಗ ಬೇಗ!