ಅಳಿಸಿದ ಕಡತ ಎಲ್ಲಿಗೆ ಹೋಗುತ್ತದೆ?

ಮುಂಬಯಿಯ ಸಯನ್ ರೈಲು ನಿಲ್ದಾಣದ ಪಶ್ಚಿಮಕ್ಕೆ ಧಾರಾವಿ ಇದೆ. ನಗರವು ಬಿಸಾಡಿದ ಪ್ಲಾಸ್ಟಿಕ್, ತಗಡು, ಕಾಗದಗಳನ್ನು ವಿಂಗಡಿಸಿ ಮತ್ತೆ ಬಳಕೆಗೆ ತರುವ ಅನೇಕ ಸಣ್ಣ ಉದ್ಯಮಗಳು ಅಲ್ಲಿವೆ. ಸಯನ್, ಮಾಟುಂಗಾ ಪರಿಸರದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡಿಗರೂ ಸೇರಿದಂತೆ ನಗರದ ಜನರು ತಮ್ಮ ಹಳೆಯ ಗಣಕಯಂತ್ರಗಳನ್ನು ಗುಜರಿಯವರಿಗೆ, ಮುಂಬಯಿಯ ಮಾತಿನಲ್ಲಿ ಭಂಗಾರ್‌ವಾಲಾಗಳಿಗೆ, ಕೊಡುವುದುಂಟು. ಕೊಡುವ ಮುನ್ನ ಕಡತಗಳನ್ನು ಅಳಿಸಿ ನಿಶ್ಚಿಂತರಾಗುವವರು ಹಲವರು. ಆ ನಿಶ್ಚಿಂತೆಗೆ ಆಧಾರವು ಕಡಿಮೆ.

ಹಾರ್ಡ್ ಡಿಸ್ಕನ್ನು ಒಂದು ದೊಡ್ಡ ಉಗ್ರಾಣವೆಂದು ಭಾವಿಸಬಹುದು. ಯಾವ ಮೂಟೆ ಯಾವ ಅಂಕಣದಲ್ಲಿದೆ ಎಂಬುದು ಬಾಗಿಲ ಬಳಿಯ ಲೆಕ್ಕದ ಪುಸ್ತಕದಲ್ಲಿರುತ್ತದೆ. ಕಡತವನ್ನು ಅಳಿಸಿದಾಗ ಯಂತ್ರವು ಒಳಗೆ ಹೋಗಿ ಮೂಟೆಯನ್ನು ಹೊರಹಾಕುವುದಿಲ್ಲ. ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕಿ, ಅಂಕಣವು ಖಾಲಿಯೆಂದು ಗುರುತಿಸುತ್ತದೆ, ಅಷ್ಟೆ. 1995ರ ವಿಂಡೋಸ್‌ನೊಂದಿಗೆ ಬಂದ ರಿಸೈಕಲ್ ಬಿನ್‌ನಲ್ಲಿರುವ ಕಡತವಂತೂ ಲೆಕ್ಕದಿಂದಲೂ ಹೋಗಿರುವುದಿಲ್ಲ. ಡಾಸ್ ಕಾಲದಿಂದ ಬಳಕೆಯಲ್ಲಿರುವ ಫ್ಯಾಟ್ ಪದ್ಧತಿಯಲ್ಲಿ, ಅಳಿಸಿದ ಕಡತದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಸಂಕೇತವನ್ನು ಬರೆಯಲಾಗುತ್ತದೆ. ಹೊಸ ಕಡತವೊಂದು ಬಂದು ಅದೇ ಸ್ಥಳವನ್ನು ಆಕ್ರಮಿಸುವವರೆಗೆ ಹಳೆಯ ಬರಹವು ಇದ್ದಲ್ಲಿಯೇ ಇರುತ್ತದೆ. ಅದನ್ನು ಹುಡುಕಿ ಕೊಡುವ ತಂತ್ರಾಂಶಗಳು ಯಾರಿಗಾದರೂ ಸುಲಭವಾಗಿ ದೊರೆಯುತ್ತವೆ.

ಅಮೆರಿಕದ ಇಬ್ಬರು ಸಂಶೋಧಕರು 2000ರಿಂದ 2002ರ ಅವಧಿಯಲ್ಲಿ 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸಮರ್ಪಕವಾಗಿ ಶುದ್ಧಗೊಂಡಿದ್ದವು ಕೇವಲ 12. ಅಲ್ಲಿ ದೊರೆತಂತಹ ಪತ್ರಗಳೂ ಬ್ಯಾಂಕಿನ ವಿವರಗಳೂ ನಮ್ಮ ಮನೆಯ ಯಂತ್ರಗಳಲ್ಲಿಯೂ ಇರುತ್ತವೆ; ತಂದೆಯ ಆದಾಯ ತೆರಿಗೆಯ ಲೆಕ್ಕ, ಪ್ಯಾನ್ ಮತ್ತು ಆಧಾರ್ ಪ್ರತಿ, ವೈದ್ಯಕೀಯ ವರದಿ ಯಾವುದೂ ಇದಕ್ಕೆ ಹೊರತಲ್ಲ. ಗುಜರಿಯವರನ್ನು ಇದಕ್ಕಾಗಿ ಶಂಕಿಸುವುದು ನ್ಯಾಯವಲ್ಲ. ಅವರು ಲೋಹದ ತೂಕವನ್ನು ನೋಡುತ್ತಾರೆ. ಆದರೆ ಸುಸ್ಥಿತಿಯಲ್ಲಿರುವ ಡಿಸ್ಕು ಮುಂದೆ ಯಾರ ಕೈ ಸೇರುವುದೆಂಬುದು ಅವರಿಗೂ ತಿಳಿಯದು.

ಶೀಘ್ರ ಫಾರ್ಮ್ಯಾಟ್ ಮಾಡಿದರೂ ಬದಲಾಗುವುದು ಲೆಕ್ಕದ ಪುಸ್ತಕ ಮಾತ್ರ. ತಿರುಗುವ ಹಾರ್ಡ್ ಡಿಸ್ಕಿನ ಎಲ್ಲ ಭಾಗಗಳ ಮೇಲೂ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಕು; ವಿಸ್ಟಾ ಮತ್ತು ಅನಂತರದ ವಿಂಡೋಸ್‌ಗಳಲ್ಲಿ ಪೂರ್ಣ ಫಾರ್ಮ್ಯಾಟ್ ಈ ಕೆಲಸವನ್ನು ಮಾಡುತ್ತದೆ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳ ವಿಷಯ ಬೇರೆ. ಅಳಿಸಿದ ಸ್ಥಳವನ್ನು ಟ್ರಿಮ್ ಎಂಬ ಆದೇಶದ ಮೂಲಕ ಅವುಗಳಿಗೆ ತಿಳಿಸಲಾಗುವುದರಿಂದ ಹಳೆಯ ಬರಹವು ಸಾಮಾನ್ಯವಾಗಿ ಬೇಗನೆ ನಾಶವಾಗುತ್ತದೆ. ಆದರೆ ಮೇಲೆ ಬರೆಯುವ ವಿಧಾನವು ಅವುಗಳೊಳಗಿನ ಮೀಸಲು ಭಾಗವನ್ನು ಮುಟ್ಟದಿರಬಹುದಾದ ಕಾರಣ, ತಯಾರಕರೇ ಒದಗಿಸುವ ಸುರಕ್ಷಿತ ಅಳಿಸುವಿಕೆಯ ಸೌಲಭ್ಯವನ್ನು ಬಳಸುವುದು ಲೇಸು. ಈಚಿನ ಮೊಬೈಲ್‌ಗಳು ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುತ್ತವೆ. ಫ್ಯಾಕ್ಟರಿ ರಿಸೆಟ್ ಮಾಡಿದಾಗ ಅದರ ಕೀಲಿಯೇ ನಾಶವಾಗುವುದರಿಂದ ಉಳಿದದ್ದು ಓದಲಾಗದ ರಾಶಿ. ಕೆಟ್ಟು ನಿಂತ, ಆರಂಭವೇ ಆಗದ ಹಾರ್ಡ್ ಡಿಸ್ಕಿದ್ದಲ್ಲಿ ಅದನ್ನು ಹೊರತೆಗೆದು, ಒಳಗಿನ ತಟ್ಟೆಗಳನ್ನು ಒಡೆದ ಬಳಿಕವೇ ಉಳಿದ ಯಂತ್ರವನ್ನು ಮಾರುವುದು ಉಚಿತ.

ಇದೇ ಗುಣವು ಆಪತ್ತಿನಲ್ಲಿ ಒದಗಿಬರುವುದೂ ಉಂಟು. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಮದುವೆಯ ಚಿತ್ರಗಳು ಕೈತಪ್ಪಿ ಅಳಿಸಿಹೋದರೆ, ಮೊದಲು ಮಾಡಬೇಕಾದುದು ಅದರ ಬಳಕೆಯನ್ನು ನಿಲ್ಲಿಸುವುದು. ಅನಂತರ ತೆಗೆದ ಪ್ರತಿಯೊಂದು ಚಿತ್ರವೂ ಹಳೆಯದೊಂದರ ಜಾಗವನ್ನು ಆಕ್ರಮಿಸಬಹುದು. ಕಾರ್ಡನ್ನು ಹೊರತೆಗೆದು ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ, ಮರಳಿ ಪಡೆಯುವ ತಂತ್ರಾಂಶವನ್ನು ಆ ಯಂತ್ರದಿಂದಲೇ ನಡೆಸಬೇಕು. ದೊರೆತ ಚಿತ್ರಗಳನ್ನು ಅದೇ ಕಾರ್ಡಿಗೆ ಮರಳಿ ಬರೆಯಬಾರದು.